ಗೋಡೆ ಬಿದ್ದರೂ ಮೋಡ್ಲಾರಾಯ್ಟ್ ಎರಡು ರಾಜ್ಯಗಳಲ್ಲೇ ಇರುವುದು ಯಾಕೆ?

ಓದುಗರ ಪ್ರಶ್ನೆ: ಜರ್ಮನಿಯ ಮೋಡ್ಲಾರಾಯ್ಟ್ ಎಂಬ ಹಳ್ಳಿಯ ಮಧ್ಯೆ ಬರ್ಲಿನ್‌ನಲ್ಲಿ ಇದ್ದಂಥದೇ ಗೋಡೆ ಇತ್ತಂತೆ. ದೇಶ ಒಂದಾಗಿ ಇಷ್ಟು ವರ್ಷ ಆದರೂ ಆ ಊರು ಅರ್ಧ ಒಂದು ರಾಜ್ಯದಲ್ಲಿ, ಅರ್ಧ ಇನ್ನೊಂದರಲ್ಲಿ ಇದೆಯಂತೆ. ಯಾಕೆ ಹೀಗೆ?

ಉತ್ತರ: ಯಾಕೆಂದರೆ ಆ ಊರಿನ ಗಡಿ ಗೋಡೆಗಿಂತ ತುಂಬಾ ಹಳೆಯದು. ಗೋಡೆ ಬಂದದ್ದು 1966ರಲ್ಲಿ. ಗಡಿ ಬಂದದ್ದು 1810ರಲ್ಲಿ.

ಮೋಡ್ಲಾರಾಯ್ಟ್ ತೀರಾ ಚಿಕ್ಕ ಊರು. ಜನಸಂಖ್ಯೆ ಐವತ್ತರ ಆಸುಪಾಸು. ಹತ್ತಿರದ ದೊಡ್ಡ ಪಟ್ಟಣ ಹೋಫ್. ಊರಿನ ಮಧ್ಯೆ ಟಾನ್‌ಬಾಖ್ ಎಂಬ ಹಳ್ಳ ಹರಿಯುತ್ತದೆ. 1810ರಲ್ಲಿ, ನೆಪೋಲಿಯನ್ ಕಾಲದಲ್ಲಿ, ಬೈರಾಯ್ಟ್ ಸೀಮೆ ಬವೇರಿಯಾ ರಾಜ್ಯದ ಕೈಗೆ ಬಂತು. ಆಚೆಗಿದ್ದದ್ದು ರಾಯ್ಸ್ ಎಂಬ ಪುಟ್ಟ ಸಂಸ್ಥಾನ. ಎಲ್ಲಿಯವರೆಗೆ ಯಾರದು ಅಂತ ತೀರ್ಮಾನ ಆಗಬೇಕಿತ್ತು. ಈ ಹಳ್ಳವನ್ನೇ ಗಡಿ ಮಾಡಿ, ಗಡಿಕಲ್ಲು ನೆಟ್ಟರು.

ಊರವರಿಗೆ ಅದರಿಂದ ತೊಂದರೆ ಆಗಲಿಲ್ಲ. ಶಾಲೆ ಮತ್ತು ಊಟ, ಬಿಯರ್ ಸಿಗುವ ಮನೆ ಆಚೆ ದಡದಲ್ಲಿದ್ದವು. ಚರ್ಚ್ ಬವೇರಿಯಾ ಕಡೆಯ ಟೋಪೆನ್ ಎಂಬ ಊರಿನಲ್ಲಿತ್ತು. ಮಕ್ಕಳು ಹಳ್ಳ ದಾಟಿ ಶಾಲೆಗೆ, ದೊಡ್ಡವರು ಹಳ್ಳ ದಾಟಿ ಪ್ರಾರ್ಥನೆಗೆ. ನೂರು ವರ್ಷಕ್ಕೂ ಜಾಸ್ತಿ ಹೀಗೇ ನಡೆಯಿತು. ಮೊದಲ ಮಹಾಯುದ್ಧ ಮುಗಿದು ರಾಜರು ಹೋದರು. 1920ರಲ್ಲಿ ಆ ಕಡೆಯ ಚಿಕ್ಕ ಸಂಸ್ಥಾನಗಳು ಸೇರಿ ಟ್ಯೂರಿಂಗಿಯಾ ರಾಜ್ಯ ಆಯಿತು. ಗಡಿ ಮಾತ್ರ ಹಳ್ಳದಲ್ಲೇ ಉಳಿಯಿತು.

ಕಷ್ಟ ಶುರುವಾದದ್ದು 1945ರ ನಂತರ. ಯುದ್ಧ ಗೆದ್ದ ದೇಶಗಳು ಜರ್ಮನಿಯನ್ನು ಹಂಚಿಕೊಂಡಾಗ ಹೊಸ ಗೆರೆ ಎಳೆಯುವ ಗೋಜಿಗೆ ಹೋಗಲಿಲ್ಲ, ಇಲ್ಲಿ ಹಳೆಯ ರಾಜ್ಯದ ಗಡಿಯನ್ನೇ ಹಿಡಿದರು. ಬವೇರಿಯಾ ಅಮೆರಿಕದವರಿಗೆ, ಟ್ಯೂರಿಂಗಿಯಾ ಸೋವಿಯತ್ ಸೇನೆಗೆ. ನಕ್ಷೆ ನೋಡಿ ಹೀಗೆ ತೀರ್ಮಾನಿಸಿದವರ ಕಣ್ಣಿಗೆ ಈ ಊರು ಬಿದ್ದಿರಲಿಕ್ಕಿಲ್ಲ ಅಂತ ನನಗೆ ಅನ್ನಿಸುತ್ತದೆ. 1949ರಲ್ಲಿ ಎರಡು ಜರ್ಮನಿಗಳು ಹುಟ್ಟಿದಾಗ ಟಾನ್‌ಬಾಖ್ ಎರಡು ದೇಶಗಳ ಗಡಿಯಾಯಿತು. ಆಗಲೂ ಸ್ವಲ್ಪ ಕಾಲ ಪಾಸ್ ತೋರಿಸಿ ಆಚೀಚೆ ಓಡಾಡಬಹುದಿತ್ತು.

1952ರ ಮೇ ತಿಂಗಳಲ್ಲಿ ಅದೂ ನಿಂತುಹೋಯಿತು. ಪೂರ್ವ ಜರ್ಮನಿ ತನ್ನ ಗಡಿಯುದ್ದಕ್ಕೂ 5 ಕಿಲೋಮೀಟರ್ ಅಗಲದ ನಿರ್ಬಂಧಿತ ಪ್ರದೇಶ ಮಾಡಿತು. ಅದರೊಳಗೆ ಗಡಿಗೆ ಅಂಟಿಕೊಂಡ 500 ಮೀಟರ್ ಪಟ್ಟಿಯಲ್ಲಿ ನಿಯಮ ಇನ್ನೂ ಬಿಗಿ. ಮೋಡ್ಲಾರಾಯ್ಟ್‌ನ ಪೂರ್ವ ಭಾಗ ಈ ಪಟ್ಟಿಯಲ್ಲೇ ಇತ್ತು. ಗಡಿ ಪ್ರದೇಶದಿಂದ ಸಾವಿರಾರು ಜನರನ್ನು ಸರ್ಕಾರ ಬಲವಂತವಾಗಿ ಒಳನಾಡಿಗೆ ಸಾಗಿಸಿತು. ಊರಿನ ಮಧ್ಯೆ ಮೊದಲು ಮರದ ಬೇಲಿ ಬಂತು, ಆಮೇಲೆ ಮುಳ್ಳುತಂತಿ. 1966ರಲ್ಲಿ 700 ಮೀಟರ್ ಉದ್ದದ, ಮೂರು ಮೀಟರಿಗೂ ಎತ್ತರದ ಕಾಂಕ್ರೀಟ್ ಗೋಡೆ ಎದ್ದಿತು. ಅಮೆರಿಕದ ಸೈನಿಕರು ಊರಿಗೆ 'ಪುಟ್ಟ ಬರ್ಲಿನ್' ಎಂಬ ಹೆಸರಿಟ್ಟರು.

ಆದರೆ ಬರ್ಲಿನ್ ಮಹಾನಗರ. ಇಲ್ಲಿ ಗೋಡೆಯ ಆಚೆ ಇದ್ದವರು ಬಂಧುಗಳು, ಒಂದೇ ಶಾಲೆಯಲ್ಲಿ ಓದಿದವರು. ಪಶ್ಚಿಮದವರು ಈಚೆ ನಿಂತು ಕೈ ಬೀಸಬಹುದಿತ್ತು. ಪೂರ್ವದವರು ತಿರುಗಿ ಕೈ ಬೀಸುವಂತಿರಲಿಲ್ಲ, ಅದಕ್ಕೂ ನಿಷೇಧ ಇತ್ತು. ಈ ಊರಿನ ಇತಿಹಾಸದಲ್ಲಿ ನನ್ನನ್ನು ತುಂಬಾ ಕಾಡುವ ಸಂಗತಿ ಇದು. ಗೋಡೆ, ಕಾವಲು ಗೋಪುರ, ಮುಳ್ಳುತಂತಿ ಎಲ್ಲ ಫೋಟೋದಲ್ಲಿ ಕಾಣುತ್ತವೆ. ಪರಿಚಿತರನ್ನು ಕಂಡೂ ಕಾಣದಂತೆ ತಲೆ ತಗ್ಗಿಸಿ ನಡೆದವರ ಸಂಕಟ ಯಾವ ಫೋಟೋದಲ್ಲಿ ಕಾಣುತ್ತದೆ ಹೇಳಿ?

1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. ಮೋಡ್ಲಾರಾಯ್ಟ್ ಇನ್ನೂ ಒಂದು ತಿಂಗಳು ಕಾಯಬೇಕಾಯಿತು. ಡಿಸೆಂಬರ್ 9ರಂದು ಇಲ್ಲಿ ನಡೆದು ದಾಟಲು ದಾರಿ ಆಯಿತು. 1990ರ ಜೂನ್ 17ರಂದು ಯಂತ್ರ ತಂದು ಗೋಡೆ ಕೆಡವಿದರು. ಒಂದು ಭಾಗವನ್ನು ಮಾತ್ರ ಬೇಕಂತಲೇ ಉಳಿಸಿಕೊಂಡರು. ಈಗ ಅದು ಅಲ್ಲಿನ ಮ್ಯೂಸಿಯಂನ ಭಾಗ.

1990ರ ಅಕ್ಟೋಬರ್ 3ರಂದು ಜರ್ಮನಿ ಒಂದಾಯಿತು. ಪೂರ್ವದಲ್ಲಿ ಹಳೆಯ ರಾಜ್ಯಗಳು ಮತ್ತೆ ಹುಟ್ಟಿದವು, ಟ್ಯೂರಿಂಗಿಯಾ ಕೂಡ. ಹಾಗಾಗಿ ಟಾನ್‌ಬಾಖ್ ಮೊದಲಿನಂತೆ ಬರೀ ರಾಜ್ಯದ ಗಡಿಯಾಯಿತು. ಪಶ್ಚಿಮ ಭಾಗ ಟೋಪೆನ್ ಪಂಚಾಯಿತಿಗೆ, ಪೂರ್ವ ಭಾಗ ಗೆಫೆಲ್ ಪಟ್ಟಣಕ್ಕೆ ಸೇರಿದೆ. ಪಿನ್ ಕೋಡ್ ಬೇರೆ, ಫೋನ್ ಕೋಡ್ ಬೇರೆ, ಗಾಡಿಯ ನಂಬರ್ ಪ್ಲೇಟ್ ಬೇರೆ. ಇಬ್ಬರು ಮೇಯರ್. ರಜೆಗಳೂ ಬೇರೆ! ಅಕ್ಟೋಬರ್ 31ರಂದು ಪೂರ್ವದ ಮನೆಗಳಿಗೆ ರಜೆ, ಮರುದಿನ ನವೆಂಬರ್ 1ರಂದು ಪಶ್ಚಿಮದವರಿಗೆ. ಈ ಊರಿನಲ್ಲಿ ಇದನ್ನು ಯಾರೂ ಗೋಡೆಯ ಜೊತೆ ಹೋಲಿಸಲಾರರು.

ಹಾಗಾದರೆ ಒಂದು ಮಾಡಲು ಬರುವುದಿಲ್ಲವೇ? ಬರುತ್ತದೆ. ಜರ್ಮನಿಯ ಸಂವಿಧಾನದ 29ನೇ ವಿಧಿಯ ಪ್ರಕಾರ, 50,000ಕ್ಕಿಂತ ಜಾಸ್ತಿ ಜನರಿಲ್ಲದ ಪ್ರದೇಶವನ್ನು ಎರಡು ರಾಜ್ಯಗಳು ಒಪ್ಪಂದ ಮಾಡಿಕೊಂಡು ಒಂದರಿಂದ ಇನ್ನೊಂದಕ್ಕೆ ಸೇರಿಸಬಹುದು. ಮೋಡ್ಲಾರಾಯ್ಟ್ ವಿಷಯದಲ್ಲಿ ಬವೇರಿಯಾ ಮತ್ತು ಟ್ಯೂರಿಂಗಿಯಾ ಅಂಥ ಒಪ್ಪಂದ ಮಾಡಿಕೊಂಡಿಲ್ಲ.