ಜೀರ್ಣವೇ ಆಗದ ನಾರು ಹೃದಯಕ್ಕೆ ಹೇಗೆ ಒಳ್ಳೆಯದು?

ಪೌಷ್ಟಿಕಾಂಶದ ಪಾಠ ಓದುವಾಗ ನನ್ನನ್ನು ತುಂಬಾ ಕಾಡಿದ ಪ್ರಶ್ನೆ ಇದು. ನಾರು ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ, ರಕ್ತಕ್ಕೂ ಸೇರುವುದಿಲ್ಲ. ಹಾಗಿದ್ದ ಮೇಲೆ ಅದು ಹೃದಯದ ತನಕ ತಲುಪುವುದು ಹೇಗೆ? 'ನಾರು ಕೊಲೆಸ್ಟ್ರಾಲ್ ಇಳಿಸುತ್ತದೆ' ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ. ಉತ್ತರ ಪಿತ್ತರಸದಲ್ಲಿದೆ, ಅದನ್ನು ಹಿಡಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ನಾವು ತಿಂದ ಕೊಬ್ಬು ಜೀರ್ಣವಾಗಲು ಪಿತ್ತರಸದಲ್ಲಿರುವ ಪಿತ್ತದ ಆಮ್ಲಗಳು ಬೇಕು. ಇವನ್ನು ಲಿವರ್ ತಯಾರಿಸುವುದು ಕೊಲೆಸ್ಟ್ರಾಲಿನಿಂದಲೇ. ಕರುಳಿನಲ್ಲಿ ಕೆಲಸ ಮುಗಿದ ಮೇಲೆ ಇವು ಹೊರಗೆ ಹೋಗುವುದು ತೀರಾ ಕಡಿಮೆ. ಸಣ್ಣ ಕರುಳಿನ ಕೊನೆಯ ಭಾಗ ಸುಮಾರು ಶೇ 95ರಷ್ಟನ್ನು ಹೀರಿಕೊಂಡು ಲಿವರ್‌ಗೆ ವಾಪಸ್ ಕಳಿಸುತ್ತದೆ, ಅಲ್ಲಿಂದ ಮತ್ತೆ ಕರುಳಿಗೆ, ಹೀಗೆ ಸುತ್ತುತ್ತಲೇ ಇರುತ್ತವೆ. ನಾರು ಕೈ ಹಾಕುವುದು ಈ ಸುತ್ತಿಗೆ. ಓಟ್ಸ್ ಮತ್ತು ಬಾರ್ಲಿಯಲ್ಲಿರುವ ಬೀಟಾ ಗ್ಲುಕನ್ ಎಂಬ ನೀರಿನಲ್ಲಿ ಕರಗುವ ನಾರು ನೀರು ಹೀರಿ ಲೋಳೆಯಂತಾಗುತ್ತದೆ. ಆ ಲೋಳೆಯಲ್ಲಿ ಸಿಕ್ಕಿಕೊಂಡ ಪಿತ್ತದ ಆಮ್ಲ ಮಲದ ಜೊತೆ ಹೊರಗೆ ಹೋಗಿಬಿಡುತ್ತದೆ. ಲಿವರ್ ಈಗ ಹೊಸದು ಮಾಡಲೇಬೇಕು, ಅದಕ್ಕೆ ಕೊಲೆಸ್ಟ್ರಾಲ್ ಬೇಕು, ಹಾಗಾಗಿ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣವಾದ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತದೆ. ರಕ್ತನಾಳದ ಗೋಡೆಗೆ ಸೇರಿ ಕಟ್ಟಿಕೊಳ್ಳುವುದು ಇದೇ ಎಲ್‌ಡಿಎಲ್ ಅಲ್ವಾ? ಅದು ಕಡಿಮೆಯಾದಷ್ಟೂ ಹೃದಯಕ್ಕೆ ಒಳ್ಳೆಯದು.

ತುಂಬಾ ಜನ ತಪ್ಪುವುದು ಇಲ್ಲಿ: ಎಲ್ಲಾ ನಾರೂ ಈ ಕೆಲಸ ಮಾಡುವುದಿಲ್ಲ. ಗೋಧಿ ತೌಡಿನಂಥ ನೀರಿನಲ್ಲಿ ಕರಗದ ನಾರು ಮಲ ಸರಾಗವಾಗಿ ಹೋಗಲು ಸಹಾಯ ಮಾಡುತ್ತದೆ, ಎಲ್‌ಡಿಎಲ್ ಅನ್ನು ಹೆಚ್ಚು ಇಳಿಸುವುದಿಲ್ಲ.

ಎಷ್ಟು ತಿನ್ನಬೇಕು? ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು, 10 ವರ್ಷ ದಾಟಿದ ಎಲ್ಲರಿಗೂ ದಿನಕ್ಕೆ ಕನಿಷ್ಠ 25 ಗ್ರಾಂ. ಸಿಪ್ಪೆ ಸಮೇತ ಒಂದು ಸೇಬಿನಲ್ಲಿ ಸುಮಾರು 4 ಗ್ರಾಂ ಇದೆ. ಅದನ್ನೇ ಜ್ಯೂಸ್ ಮಾಡಿ ಸೋಸಿದರೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ, ನನಗಂತೂ ಇದು ನೋಡಿ ಬೇಜಾರಾಯಿತು. ಬೇಯಿಸಿದ 100 ಗ್ರಾಂ ಮಸೂರ ಕಾಳಿನಲ್ಲಿ 8 ಗ್ರಾಂ ಆಸುಪಾಸು. ಬೀಟಾ ಗ್ಲುಕನ್ ಒಂದನ್ನೇ ದಿನಕ್ಕೆ 3 ಗ್ರಾಂ ತಿಂದರೆ ಎಲ್‌ಡಿಎಲ್ ಸುಮಾರು ಶೇ 5ರಷ್ಟು ಇಳಿಯುತ್ತದೆ. ಸಣ್ಣ ಅಂಕಿ ಅನ್ನಿಸಬಹುದು. ಆದರೆ ಇದು ಊಟದಿಂದಲೇ ಸಿಗುವ ಲಾಭ. ಹಾಗಂತ ಕೊಲೆಸ್ಟ್ರಾಲ್ ಮಾತ್ರೆಗೆ ಇದು ಬದಲಿ ಅಲ್ಲ.

2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ದೊಡ್ಡ ಅವಲೋಕನದಲ್ಲಿ, ನಾರು ಜಾಸ್ತಿ ತಿನ್ನುವವರಲ್ಲಿ ಹೃದಯದ ಕಾಯಿಲೆಯಿಂದ ಸಾವು ಶೇ 15ರಿಂದ 30ರಷ್ಟು ಕಡಿಮೆ ಕಂಡಿತು. ಓದುವಾಗ ಒಂದು ಎಚ್ಚರ ಇರಲಿ. ನಾರು ಜಾಸ್ತಿ ತಿನ್ನುವವರು ಬೇರೆ ವಿಷಯಗಳಲ್ಲೂ ಆರೋಗ್ಯ ನೋಡಿಕೊಳ್ಳುವವರಾಗಿರಬಹುದು, ಹಾಗಾಗಿ ಈ ಅಂಕಿ ಒಂದರಿಂದಲೇ ಕಾರಣ ಹೇಳಲು ಬರುವುದಿಲ್ಲ. ಆದರೆ ಅದೇ ಅವಲೋಕನದಲ್ಲಿ ಸೇರಿದ್ದ ಪ್ರಯೋಗಗಳಲ್ಲೂ ತೂಕ, ರಕ್ತದೊತ್ತಡ, ಕೊಲೆಸ್ಟ್ರಾಲ್ ಇಳಿದವು. ನನ್ನ ನಂಬಿಕೆ ಗಟ್ಟಿಯಾಗಿದ್ದು ಅದರಿಂದ.

ಶುರು ಮಾಡುವವರು ಒಂದೇ ದಿನ ದುಪ್ಪಟ್ಟು ಮಾಡಬೇಡಿ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸುವಾಗ ಗ್ಯಾಸ್ ಬರುತ್ತದೆ, ಹೊಟ್ಟೆ ಉಬ್ಬುತ್ತದೆ. ಕೆಲವು ವಾರ ತೆಗೆದುಕೊಂಡು ನಿಧಾನವಾಗಿ ಏರಿಸಿ, ನೀರೂ ಜಾಸ್ತಿ ಕುಡಿಯಿರಿ. ಇಸಬ್‌ಗೋಲ್ ತೆಗೆದುಕೊಳ್ಳುವವರು ಒಂದು ಲೋಟ ತುಂಬಾ ನೀರಿನ ಜೊತೆ ತೆಗೆದುಕೊಳ್ಳಿ, ಬೇರೆ ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಅಂತರ ಬಿಡಿ. ಇದೂ ನೀರಿನಲ್ಲಿ ಲೋಳೆಯಾಗುವ ನಾರು, ಪಿತ್ತವನ್ನು ಹಿಡಿದಿಡುವ ಲೋಳೆ ಮಾತ್ರೆಯನ್ನೂ ಹಿಡಿದಿಡಬಹುದು.