ಟೇಲರ್ ಫೋರ್ಸ್ ಕಾಯ್ದೆ: ಅಮೆರಿಕದ ನೆರವು ಉಗ್ರರ ಕೈಗೆ ಹೋಗುತ್ತಿತ್ತೇ?

ಪ್ರಶ್ನೆ: ಇಸ್ರೇಲಿಗಳ ಮೇಲೆ ದಾಳಿ ಮಾಡಿ ಜೈಲು ಸೇರಿದ ಪ್ಯಾಲೆಸ್ಟೀನಿಯನ್ನರಿಗೆ ಅಮೆರಿಕದ ನೆರವಿನ ಹಣದಿಂದಲೇ ತಿಂಗಳ ಸಂಬಳ ಸಿಗುತ್ತಿತ್ತಂತೆ. ಟ್ರಂಪ್ ಒಂದು ಕಾನೂನು ತಂದು ಆ ಹಣವನ್ನು ನಿಲ್ಲಿಸಿದರಂತೆ. ನಿಜವೇ?

ಈ ಪ್ರಶ್ನೆಗೆ ಚುಟುಕಾಗಿ ಎಷ್ಟೋ ಸಲ ಉತ್ತರಿಸಿದ್ದೇನೆ. ಪ್ರಯೋಜನವಾಗಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಅದೇ ಸಂದೇಶ ಮತ್ತೊಂದು ಸುತ್ತು ಹೊರಟ ಕೂಡಲೇ ಪ್ರಶ್ನೆಯೂ ಮರಳಿ ಬರುತ್ತದೆ. ಆದ್ದರಿಂದ ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಟೇಲರ್ ಫೋರ್ಸ್ ಅಮೆರಿಕದ ಮಾಜಿ ಸೇನಾಧಿಕಾರಿ. ಇರಾಕ್ ಮತ್ತು ಅಫ್ಗಾನಿಸ್ತಾನಗಳಲ್ಲಿ ಸೇವೆ ಸಲ್ಲಿಸಿ ಬಂದು, ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದುತ್ತಿದ್ದರು. 2016ರ ಮಾರ್ಚ್ 8ರಂದು ಟೆಲ್ ಅವೀವ್‌ಗೆ ಅಂಟಿಕೊಂಡಿರುವ ಜಾಫಾದಲ್ಲಿ ಒಬ್ಬ ಪ್ಯಾಲೆಸ್ಟೀನಿ ಯುವಕ ಅವರನ್ನು ಇರಿದು ಕೊಂದ. ಅವರಿಗಾಗ 28 ವರ್ಷ. ಅವರ ಹೆಸರಿನ ಮಸೂದೆಯನ್ನು ಸೆನೆಟ್‌ನಲ್ಲಿ ಮುಂದಿಟ್ಟವರು ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ. 2018ರ ಮಾರ್ಚ್ 23ರಂದು ಅದು ದೊಡ್ಡದೊಂದು ಬಜೆಟ್ ಮಸೂದೆಯ ಭಾಗವಾಗಿ ಕಾಯ್ದೆಯಾಯಿತು. ಟ್ರಂಪ್ ಸಹಿ ಹಾಕಿದ್ದು ಹೌದು, ಆದರೆ ಅದಕ್ಕೆ ಎರಡೂ ಪಕ್ಷಗಳ ಬೆಂಬಲವಿತ್ತು.

ಇನ್ನು ಸಂಬಳದ ಮಾತು. ಅದು ಸುಳ್ಳಲ್ಲ. ವೆಸ್ಟ್ ಬ್ಯಾಂಕಿನ ಕೆಲವು ಭಾಗಗಳ ಆಡಳಿತ ನಡೆಸುವ ಪ್ಯಾಲೆಸ್ಟೀನ್ ಪ್ರಾಧಿಕಾರದ 2004ರ ಕಾನೂನು ಇಸ್ರೇಲಿನ ಜೈಲುಗಳಲ್ಲಿರುವವರಿಗೆ ಮಾಸಿಕ ಭತ್ಯೆ ಗೊತ್ತುಮಾಡಿತು. ನಂತರದ ನಿಯಮಗಳ ಪ್ರಕಾರ ಮೊದಲ ಕೆಲವು ವರ್ಷ ತಿಂಗಳಿಗೆ 1,400 ಶೆಕೆಲ್ (ಇಸ್ರೇಲಿನ ನಾಣ್ಯ) ಇದ್ದದ್ದು, ಮೂವತ್ತು ವರ್ಷ ದಾಟಿದವರಿಗೆ 12,000 ಶೆಕೆಲ್ ಆಗುತ್ತಿತ್ತು. ಸಂಘರ್ಷದಲ್ಲಿ ಸತ್ತ ಪ್ಯಾಲೆಸ್ಟೀನಿಯನ್ನರ ಕುಟುಂಬಗಳಿಗೆ ಬೇರೆಯೇ ನಿಧಿ. ಇದು ಮನೆಯ ದುಡಿಯುವ ಕೈ ಕಳೆದುಕೊಂಡವರಿಗೆ ಕೊಡುವ ಆಸರೆ, ಇಸ್ರೇಲಿನ ಸೇನಾ ನ್ಯಾಯಾಲಯಗಳು ಕೊಟ್ಟ ಶಿಕ್ಷೆಗಳನ್ನೆಲ್ಲ ನಾವು ಒಪ್ಪಬೇಕಿಲ್ಲ ಎಂದು ಪ್ಯಾಲೆಸ್ಟೀನಿಯನ್ನರು ವಾದಿಸುತ್ತಾರೆ. ಆ ವಾದದ ಎರಡನೆಯ ಭಾಗದಲ್ಲಿ ಹುರುಳಿದೆ. ಮೊದಲನೆಯದನ್ನು ನಾನು ಒಪ್ಪಲಾರೆ. ಮಕ್ಕಳ ಹಸಿವು ತಂದೆಯ ಶಿಕ್ಷೆಯ ಅವಧಿಗೆ ತಕ್ಕಂತೆ ಏರುವುದಿಲ್ಲ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ: ವಾಷಿಂಗ್ಟನ್‌ನಿಂದ ಹೊರಟ ಡಾಲರು ಪ್ರಾಧಿಕಾರದ ಆಡಳಿತ ಕೇಂದ್ರವಾದ ರಮಲ್ಲಾದ ಖಜಾನೆ ಹೊಕ್ಕು, ಅಲ್ಲಿಂದ ಕೈದಿಯ ಮನೆಗೆ ಹೋಗುತ್ತಿತ್ತು ಎಂಬುದು. ಹಾಗೆ ಹೋಗುತ್ತಿರಲಿಲ್ಲ. ಕಾಯ್ದೆ ಬರುವುದಕ್ಕೂ ಕೆಲವು ವರ್ಷ ಮೊದಲೇ ಅಮೆರಿಕ ಪ್ರಾಧಿಕಾರದ ಕೈಗೆ ನಗದು ಕೊಡುವುದನ್ನು ಬಿಟ್ಟಿತ್ತು. ಪ್ರಾಧಿಕಾರ ಯಾರಿಗೆ ಬಾಕಿ ಉಳಿಸಿಕೊಂಡಿತ್ತೋ ಅವರಿಗೆ ನೇರವಾಗಿ ಹಣ ಕಟ್ಟುತ್ತಿತ್ತು. ಪೂರ್ವ ಜೆರುಸಲೇಮಿನ ಆಸ್ಪತ್ರೆಗಳಿಗೆ, ಇಂಧನ ಮತ್ತು ವಿದ್ಯುತ್ ಪೂರೈಸುವವರಿಗೆ, ಅಂದರೆ ಇಸ್ರೇಲಿ ಕಂಪನಿಗಳಿಗೂ ಆ ಹಣ ಸೇರುತ್ತಿತ್ತು. ಉಳಿದ ನೆರವು ರಸ್ತೆ, ಕುಡಿಯುವ ನೀರು, ಶಾಲೆ ಮುಂತಾದ ಕಾಮಗಾರಿಗಳ ರೂಪದಲ್ಲಿ ಅಮೆರಿಕದ ನೆರವು ಸಂಸ್ಥೆಯಾಗಿದ್ದ ಯುಎಸ್‌ಏಡ್‌ನ ಗುತ್ತಿಗೆದಾರರ ಮೂಲಕ ಹೋಗುತ್ತಿತ್ತು. ಆ ಗುತ್ತಿಗೆದಾರರ ಪೂರ್ವಾಪರವನ್ನೂ ಜಾಲಾಡಲಾಗುತ್ತಿತ್ತು. ಕೈದಿಗಳಿಗೆ ಪ್ರಾಧಿಕಾರ ಎಷ್ಟು ಕೊಡುತ್ತದೋ ಅಷ್ಟನ್ನು ನೆರವಿನಿಂದ ಕಡಿತ ಮಾಡಬೇಕೆಂಬ ಷರತ್ತು ಕೂಡ ಅಮೆರಿಕದ ವಾರ್ಷಿಕ ಬಜೆಟ್ ಕಾನೂನುಗಳಲ್ಲಿ ಆಗಲೇ ಬಂದಿತ್ತು.

ಇಷ್ಟು ಹೇಳಿದರೆ ಕೆಲವರು ಗೆದ್ದವರಂತೆ, "ಹಾಗಾದರೆ ಕಾಯ್ದೆಯೇ ಅನಗತ್ಯವಾಗಿತ್ತು ಅನ್ನಿ" ಎಂದು ಬರೆಯುತ್ತಾರೆ. ಸ್ವಲ್ಪ ನಿಲ್ಲಿ. ಮಗನ ಹಾಸ್ಟೆಲ್ ಶುಲ್ಕವನ್ನು ಸೋದರಮಾವ ತಾನೇ ಹೋಗಿ ಕಾಲೇಜಿನಲ್ಲಿ ಕಟ್ಟಿ ಬರುತ್ತಾನೆ ಎಂದುಕೊಳ್ಳಿ. ಮಾವನ ಒಂದು ರೂಪಾಯಿಯೂ ಪೋಲಾಗಿಲ್ಲ, ರಸೀದಿ ಕೈಯಲ್ಲಿದೆ. ಆದರೆ ಶುಲ್ಕಕ್ಕೆಂದು ಅಪ್ಪ ಎತ್ತಿಟ್ಟಿದ್ದ ಹಣ ಈಗ ಬಿಡುವಾಯಿತು. ಅದರಲ್ಲಿ ಅಪ್ಪ ಇಸ್ಪೀಟು ಆಡಿದರೆ ಮಾವನಿಗೆ ಪಾಲಿಲ್ಲವೇ? ಕಾಯ್ದೆಯ ತಕರಾರು ಇರುವುದು ಇಲ್ಲಿ. ಅಮೆರಿಕ ವಿದ್ಯುತ್ ಬಿಲ್ ಕಟ್ಟಿದರೆ, ಪ್ರಾಧಿಕಾರದ ಸ್ವಂತ ತೆರಿಗೆ ಹಣ ಕೈದಿಗಳ ಭತ್ಯೆಗೆ ಸಲೀಸಾಗಿ ಸಿಗುತ್ತದೆ. ಡಾಲರಿನ ಜಾಡು ಹಿಡಿದು ಹೊರಟವರಿಗೆ ಏನೂ ಸಿಗದಿರುವುದೂ, ಕಾಯ್ದೆಗೆ ಕಾರಣವಿರುವುದೂ ಎರಡೂ ಏಕಕಾಲಕ್ಕೆ ಸತ್ಯವಾಗಬಹುದು. ಇದು ತಲೆಗೆ ಹೋದರೆ ನೆರವು ಮತ್ತು ಭಯೋತ್ಪಾದನೆಯ ಬಗ್ಗೆ ಬರುವ ಸುದ್ದಿಗಳಲ್ಲಿ ಅರ್ಧದಷ್ಟು ತಾವಾಗಿಯೇ ಅರ್ಥವಾಗುತ್ತವೆ.

ಕಾಯ್ದೆ ಹೇಳುವುದೇನು? ಪ್ಯಾಲೆಸ್ಟೀನ್ ಪ್ರಾಧಿಕಾರಕ್ಕೆ ನೇರ ಲಾಭವಾಗುವಂಥ ಆರ್ಥಿಕ ನೆರವನ್ನು ತಡೆಹಿಡಿಯಬೇಕು. ಈ ಪಾವತಿಗಳು ನಿಂತಿವೆ, ಶಿಕ್ಷೆಯ ಅವಧಿಗೆ ತಕ್ಕಂತೆ ಹಣ ಕೊಡುವ ಕಾನೂನು ರದ್ದಾಗಿದೆ ಎಂದೆಲ್ಲ ಅಮೆರಿಕದ ವಿದೇಶಾಂಗ ಸಚಿವರು ಪ್ರಮಾಣೀಕರಿಸಿದರೆ ಮಾತ್ರ ಅದನ್ನು ಬಿಡುಗಡೆ ಮಾಡಬಹುದು. ಪೂರ್ವ ಜೆರುಸಲೇಮಿನ ಆಸ್ಪತ್ರೆಗಳು, ವರ್ಷಕ್ಕೆ 50 ಲಕ್ಷ ಡಾಲರ್‌ವರೆಗಿನ ಕೊಳಚೆ ನೀರಿನ ಯೋಜನೆಗಳು, 5 ಲಕ್ಷ ಡಾಲರ್‌ವರೆಗಿನ ಮಕ್ಕಳ ಲಸಿಕೆಗೆ ವಿನಾಯಿತಿ ಇದೆ. ಲಸಿಕೆಯ ಸಾಲನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಪರಿಣಾಮವನ್ನು ಅಳೆಯುವುದು ಸುಲಭವಲ್ಲ, ಏಕೆಂದರೆ ಒಂದರ ಹಿಂದೆ ಒಂದರಂತೆ ಏಟುಗಳು ಬಿದ್ದವು. ಅದೇ 2018ರ ಆಗಸ್ಟ್‌ನಲ್ಲಿ ಟ್ರಂಪ್ ಸರ್ಕಾರ 20 ಕೋಟಿ ಡಾಲರ್‌ಗೂ ಹೆಚ್ಚಿನ ನೆರವನ್ನು ಬೇರೆಡೆಗೆ ತಿರುಗಿಸಿತು. ಅಕ್ಟೋಬರ್‌ನಲ್ಲಿ ಇನ್ನೊಂದು ಕಾಯ್ದೆ ಬಂತು. ಅಮೆರಿಕದ ನೆರವು ಪಡೆಯುವವರು ಭಯೋತ್ಪಾದನೆಯ ಪ್ರಕರಣಗಳಲ್ಲಿ ಅಮೆರಿಕದ ನ್ಯಾಯಾಲಯಗಳ ಅಧಿಕಾರವನ್ನು ಒಪ್ಪಿದಂತೆಯೇ ಲೆಕ್ಕ ಎಂದಿತು ಅದು. ಪರಿಹಾರದ ಮೊಕದ್ದಮೆಗಳಿಗೆ ಹೆದರಿದ ಪ್ರಾಧಿಕಾರ, 2019ರ ಜನವರಿ 31ರ ನಂತರ ನಿಮ್ಮ ಯಾವ ನೆರವೂ ಬೇಡ ಎಂದು ತಾನೇ ಪತ್ರ ಬರೆಯಿತು. ಪ್ಯಾಲೆಸ್ಟೀನಿ ಪೊಲೀಸ್ ಪಡೆಗಳಿಗೆ ಅಮೆರಿಕ ಕೊಡುತ್ತಿದ್ದ ನೆರವೂ ಅದರೊಂದಿಗೆ ಹೋಯಿತು. ಆ ಪಡೆಗಳು ವೆಸ್ಟ್ ಬ್ಯಾಂಕಿನಲ್ಲಿ ಹಮಾಸ್ ವಿರುದ್ಧ ಇಸ್ರೇಲಿನೊಂದಿಗೆ ಕೈಜೋಡಿಸಿ ಕೆಲಸ ಮಾಡುತ್ತಿದ್ದವು. ಉಗ್ರರ ದಾಳಿಗೆ ತುತ್ತಾದವರಿಗೆ ಪರಿಹಾರ ಸಿಗಲೆಂದು ಬರೆದ ಕಾನೂನು, ಉಗ್ರರನ್ನು ಹಿಡಿಯುವವರ ಹಣವನ್ನೇ ಕತ್ತರಿಸಿತು.

ಕೈದಿಗಳ ಭತ್ಯೆ ಮಾತ್ರ ಆಗ ನಿಲ್ಲಲಿಲ್ಲ. ಖಜಾನೆಯಲ್ಲಿ ಕೊನೆಯ ಬಿಡಿಗಾಸು ಉಳಿದರೂ ಅದು ಕೈದಿಗಳ ಕುಟುಂಬಗಳಿಗೇ ಎಂಬ ಧಾಟಿಯಲ್ಲಿ ಅಧ್ಯಕ್ಷ ಮಹಮೂದ್ ಅಬ್ಬಾಸ್ ಮಾತಾಡಿದ್ದರು. ನಿಜವಾದ ಬಿಸಿ ಮುಟ್ಟಿದ್ದು ಇಸ್ರೇಲಿನಿಂದ. ಪ್ಯಾಲೆಸ್ಟೀನಿನ ಪರವಾಗಿ ಬಂದರುಗಳಲ್ಲಿ ಸುಂಕ ವಸೂಲಿ ಮಾಡಿ ವರ್ಗಾಯಿಸುವುದು ಇಸ್ರೇಲ್, ಪ್ರಾಧಿಕಾರದ ಆದಾಯದಲ್ಲಿ ಬಹುಪಾಲು ಅದೇ. ಇಸ್ರೇಲ್ 2018ರಲ್ಲೇ ತನ್ನದೊಂದು ಕಾನೂನು ಮಾಡಿಕೊಂಡು, 2019ರ ಫೆಬ್ರವರಿಯಿಂದ ಆ ಹಣದಲ್ಲಿ ಕಡಿತ ಶುರುಮಾಡಿತು. ಮೊದಲ ವರ್ಷದ ಮೊತ್ತ ಸುಮಾರು 50 ಕೋಟಿ ಶೆಕೆಲ್. ಕಡಿತವಾದ ಹಣ ಬೇಡವೆಂದು ಪ್ರಾಧಿಕಾರ ಉಳಿದದ್ದನ್ನೂ ತಿಂಗಳುಗಟ್ಟಲೆ ನಿರಾಕರಿಸಿತು. ಶಿಕ್ಷಕರಿಗೂ ನರ್ಸುಗಳಿಗೂ ಅರೆ ಸಂಬಳ. ಕೊನೆಗೆ 2025ರ ಫೆಬ್ರವರಿ 10ರಂದು ಅಬ್ಬಾಸ್ ಆಜ್ಞೆ ಹೊರಡಿಸಿ, ಭತ್ಯೆಯ ಕಾನೂನುಗಳನ್ನು ರದ್ದುಗೊಳಿಸಿ, ಇನ್ನು ಮುಂದೆ ಬಡತನವೇ ಮಾನದಂಡ ಎಂದರು. ಇದು ಕಣ್ಣಿಗೆ ಮಣ್ಣೆರಚುವ ಕೆಲಸ ಎಂದಿತು ಇಸ್ರೇಲ್. ಆದ್ದರಿಂದ ಓದುಗರ ಪ್ರಶ್ನೆಗೆ ನನ್ನ ಉತ್ತರ: ಸಂಬಳ ಇತ್ತು, ಆದರೆ ಅದು ಅಮೆರಿಕದ ಡಾಲರಿನದಲ್ಲ. ಕಾಯ್ದೆ ಒಂದರಿಂದಲೇ ಅದು ನಿಲ್ಲಲೂ ಇಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕು. ಇಂಥ ಕಾನೂನು ಪಾಕಿಸ್ತಾನಕ್ಕೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಕೊಡುವ ಸಾಲಕ್ಕೇಕೆ ಅನ್ವಯಿಸುವುದಿಲ್ಲ ಎಂಬ ಸಂಶಯ ಪಹಲ್ಗಾಮ್ ದಾಳಿಯ ನಂತರ ಇಲ್ಲಿ ಹಲವರನ್ನು ಕಾಡಿತು. 2025ರ ಮೇ 9ರಂದು ಐಎಂಎಫ್ ಮಂಡಳಿ ಸುಮಾರು 100 ಕೋಟಿ ಡಾಲರ್ ಬಿಡುಗಡೆಗೆ ಒಪ್ಪಿದಾಗ ಭಾರತ ಮತದಾನದಿಂದ ದೂರ ಉಳಿಯಿತು. ಹೋಲುವ ಕಾನೂನೊಂದು ಅಮೆರಿಕದಲ್ಲಿ 1996ರಿಂದಲೂ ಇದೆ. ಭಯೋತ್ಪಾದನೆಗೆ ಬೆಂಬಲ ಕೊಡುವ ರಾಷ್ಟ್ರ ಎಂದು ಅಮೆರಿಕ ಪಟ್ಟಿ ಮಾಡಿದ ದೇಶಕ್ಕೆ ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಗಳು ಸಾಲ ಕೊಡುವಾಗ ಅಮೆರಿಕದ ಪ್ರತಿನಿಧಿ ವಿರೋಧಿಸಲೇಬೇಕು. ಸುಡಾನ್ ಇದರ ಬಿಸಿ ಉಂಡಿದೆ. 2020ರ ಡಿಸೆಂಬರ್‌ನಲ್ಲಿ ಪಟ್ಟಿಯಿಂದ ಹೊರಬಂದ ಮೇಲಷ್ಟೇ, 2021ರ ಜೂನ್‌ನಲ್ಲಿ, ಅದಕ್ಕೆ ಸಾಲಮನ್ನಾದ ಬಾಗಿಲು ತೆರೆಯಿತು. ಪಾಕಿಸ್ತಾನ ಆ ಪಟ್ಟಿಯಲ್ಲೇ ಇಲ್ಲ. ಅಮೆರಿಕ ಮನಸ್ಸು ಮಾಡಿದ್ದರೂ ಒಂಟಿಯಾಗಿ ತಡೆಯಲಾಗುತ್ತಿರಲಿಲ್ಲ. ಐಎಂಎಫ್‌ನ ನಿಯಮಾವಳಿಯ ತಿದ್ದುಪಡಿಯಂಥ ಕೆಲವು ನಿರ್ಧಾರಗಳಿಗೆ ಮಾತ್ರ ಶೇ 85ರಷ್ಟು ಮತ ಬೇಕು, ಅಲ್ಲಿ ಅಮೆರಿಕದ ಶೇ 16.5ರ ಆಸುಪಾಸಿನ ಮತದ ಪಾಲು ವೀಟೊ ಆಗುತ್ತದೆ. ಸಾಲಕ್ಕೆ ಸರಳ ಬಹುಮತ ಸಾಕು. ಐಎಂಎಫ್ ಮಂಡಳಿಯಲ್ಲಿ ಹಲವು ದೇಶಗಳು ಗುಂಪಾಗಿ ಒಂದೊಂದು ಕುರ್ಚಿ ಹಂಚಿಕೊಳ್ಳುತ್ತವೆ; ಭಾರತ ಕುಳಿತಿರುವ ಕುರ್ಚಿಯಲ್ಲಿ ಬಾಂಗ್ಲಾದೇಶ, ಭೂತಾನ್, ಶ್ರೀಲಂಕಾಗಳೂ ಇವೆ. ನಾಲ್ಕರ ಮತವೂ ಸೇರಿ ಸುಮಾರು ಶೇ 3.