ಹೊಸ ಬ್ಯಾಟರಿ ಹಾಕಿಸಿದರೂ ಲಾರಿಯ ಸೆಲ್ಫ್ ಯಾಕೆ ಎಳೆಯುತ್ತಿಲ್ಲ?

ಪ್ರಶ್ನೆ: ನಮ್ಮದು ಆರು ಚಕ್ರದ ಲಾರಿ, ಹಳೇ ಪಂಪಿನ ಡೀಸೆಲ್ ಎಂಜಿನ್. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಭಾರವಾಗಿ, ನಿಂತು ನಿಂತು ತಿರುಗುತ್ತದೆ. ಎರಡರಲ್ಲಿ ಒಂದು ಬ್ಯಾಟರಿ ಹೋಗಿದೆ ಎಂದರು, ಅದೊಂದನ್ನು ಹೊಸದು ಹಾಕಿಸಿದೆ. ಹದಿನೈದು ದಿನ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಸೆಲ್ಫ್ ಮೋಟರ್ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ? ಅಲ್ಲಿಯವರೆಗೆ ಇಳಿಜಾರಿನಲ್ಲಿ ನಿಲ್ಲಿಸಿ, ಗೇರಿಗೆ ಹಾಕಿ ಸ್ಟಾರ್ಟ್ ಮಾಡಿಕೊಳ್ಳಬಹುದೇ?

ಉತ್ತರ: ಸದ್ಯಕ್ಕೆ ಮೋಟರ್ ಬದಲಿಸಬೇಡಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಹದಿನೈದು ದಿನ ಇದೇ ಮೋಟರ್ ಇದೇ ಎಂಜಿನ್ನನ್ನು ಸಲೀಸಾಗಿ ತಿರುಗಿಸಿತಲ್ಲ? ಅಂದ ಮೇಲೆ ಮೊದಲ ಅನುಮಾನ ಮೋಟರಿನ ಮೇಲೆ ಅಲ್ಲ, ಹೊಸ ಬ್ಯಾಟರಿಗೆ ಆ ಹದಿನೈದು ದಿನದಲ್ಲಿ ಏನಾಯಿತು ಎಂಬುದರ ಮೇಲೆ. ಮೋಟರಿಗೂ ಸಣ್ಣ ದೋಷ ಇರಬಹುದು, ಅದಕ್ಕೆ ಆಮೇಲೆ ಬರೋಣ.

ಒಂದು ವಿಷಯ ಮೊದಲೇ ಬೇರೆ ಮಾಡಿಕೊಳ್ಳಿ. ಎಂಜಿನ್ ಜೋರಾಗಿ ತಿರುಗಿಯೂ ಹತ್ತದಿದ್ದರೆ ಅದು ಡೀಸೆಲ್ ಲೈನಿನಲ್ಲಿ ಗಾಳಿ, ಫಿಲ್ಟರ್, ಪಂಪಿನ ಕಡೆಯ ದೂರು. ತಿರುಗುವುದೇ ನಿಧಾನ ಎಂದರೆ ಕರೆಂಟಿನ ದೂರು, ಅಪರೂಪಕ್ಕೆ ಎಂಜಿನ್ ಬಿಗಿಯಾಗಿರುವುದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಹದಿನಾರು-ಹದಿನೆಂಟು ಪಟ್ಟು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ಪಿಸ್ಟನ್ ನಿಧಾನವಾಗಿ ಮೇಲೇರಿದರೆ ಆ ಬಿಸಿ ಗೋಡೆಗೆ ಸೋರಿಹೋಗುತ್ತದೆ, ಗಾಳಿಯೂ ರಿಂಗುಗಳ ಸಂದಿಯಿಂದ ಜಾರುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 150ರಿಂದ 250 ಸುತ್ತು ಸಿಕ್ಕರೆ ಎಂಜಿನ್ ಹತ್ತುತ್ತದೆ. ನೂರರ ಕೆಳಗಿಳಿದರೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಅಷ್ಟೇ. ಆ ಹೊಗೆ ಉರಿಯದೆ ಹೊರಬಿದ್ದ ಡೀಸೆಲ್. ಅದನ್ನು ನೋಡಿ ಪಂಪು ಬಿಚ್ಚಿಸಿದವರೂ ಇದ್ದಾರೆ.

ಈಗ ಬ್ಯಾಟರಿಗೆ ಬರೋಣ. ನಿಮ್ಮದು 24 ವೋಲ್ಟ್ ಗಾಡಿ: ಎರಡು 12 ವೋಲ್ಟ್ ಬ್ಯಾಟರಿಗಳು ಸಾಲಾಗಿ, ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಜೋಡಿಸಿ ಕೂತಿರುತ್ತವೆ. ಹೊಸದು ಕೊಡುವ ಕರೆಂಟ್ ಪೂರ್ತಿ ಹಳೆಯದರೊಳಗಿಂದಲೇ ಹಾದುಹೋಗಬೇಕು. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದರ ಶಕ್ತಿಯಿಂದ ಗಾಡಿ ಓಡುವುದಿಲ್ಲ. ಚಾರ್ಜಿಂಗ್‌ನಲ್ಲಿ ಇನ್ನೂ ಕೆಟ್ಟದ್ದು ನಡೆಯುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ಕಾಣುವುದು ಎರಡರ ಮೊತ್ತ ಮಾತ್ರ. ಸುಮಾರು 28 ವೋಲ್ಟ್ ಆದ ಕೂಡಲೇ ಅದು ಕರೆಂಟ್ ಕಡಿಮೆ ಮಾಡುತ್ತದೆ. ಆ 28 ಎಂಬುದು ಹದಿನಾಲ್ಕು-ಹದಿನಾಲ್ಕಾಗಿ ಹಂಚಿಕೆಯಾಗಿದೆಯೋ, ಒಂದಕ್ಕೆ 15, ಇನ್ನೊಂದಕ್ಕೆ 13 ಆಗಿದೆಯೋ ಎಂದು ಅದು ಕೇಳುವುದಿಲ್ಲ. 15 ಸಿಕ್ಕಿದ್ದು ಕುದಿದು ನೀರು ಕಳೆದುಕೊಳ್ಳುತ್ತದೆ, 13 ಸಿಕ್ಕಿದ್ದು ಎಂದಿಗೂ ತುಂಬುವುದಿಲ್ಲ. ಆದ್ದರಿಂದ ಬ್ಯಾಟರಿ ಹಾಕಿದರೆ ಎರಡನ್ನೂ ಒಟ್ಟಿಗೆ, ಒಂದೇ ಆಂಪಿಯರ್-ಅವರ್‌ನದ್ದು (ಅಂದರೆ ಒಂದೇ ಸಾಮರ್ಥ್ಯದ್ದು) ಹಾಕಬೇಕು. ಖರ್ಚು ದುಪ್ಪಟ್ಟು, ನಿಜ. ಆದರೆ ಒಂದನ್ನು ಉಳಿಸಲು ಹೋಗಿ ವರ್ಷದೊಳಗೆ ಎರಡನ್ನೂ ಕಳೆದುಕೊಳ್ಳುವುದೇ ಹೆಚ್ಚು.

ಇದಕ್ಕಿಂತ ದೊಡ್ಡ ಅನುಮಾನ ನನಗೆ ಇನ್ನೊಂದಿದೆ. ಕ್ಯಾಬಿನ್‌ನಲ್ಲಿ ಟೇಪು, ಫ್ಯಾನು, ಮೊಬೈಲ್ ಚಾರ್ಜರ್ ಇವೆಯೇ? ಅವಕ್ಕೆ 12 ವೋಲ್ಟ್ ಎಲ್ಲಿಂದ ಬರುತ್ತಿದೆ? ನಮ್ಮ ಕಡೆಯ ಬಹಳಷ್ಟು ಲಾರಿಗಳಲ್ಲಿ ಎರಡು ಬ್ಯಾಟರಿಯ ನಡುವಿನ ಕೊಂಡಿಯಿಂದ ಒಂದು ವೈರ್ ಎಳೆದುಬಿಟ್ಟಿರುತ್ತಾರೆ. ಆಗ ರಾತ್ರಿಯಿಡೀ ಹಾಡು, ಫ್ಯಾನು ಎಲ್ಲದರ ಹೊರೆ ಚಾಸಿಗೆ ಅರ್ತ್ ಆಗಿರುವ, ಅಂದರೆ ಮೈನಸ್ ಚಾಸಿಗೆ ಜೋಡಿಸಿರುವ ಒಂದೇ ಬ್ಯಾಟರಿಯ ಮೇಲೆ ಬೀಳುತ್ತದೆ. ಹಗಲು ಚಾರ್ಜ್ ಆಗುವಾಗ ಮೇಲೆ ಹೇಳಿದ 15-13ರ ಆಟ ಶುರುವಾಗುತ್ತದೆ. ಹೊಸ ಬ್ಯಾಟರಿ ಎರಡು ವಾರದಲ್ಲಿ ಸೋತಿದ್ದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಪರೀಕ್ಷೆ ಸುಲಭ: ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನಿಂದ ಒಂದೊಂದೇ ಬ್ಯಾಟರಿಯನ್ನು ಬೇರೆಬೇರೆಯಾಗಿ ಅಳೆಯಿರಿ. ಎರಡೂ ಹದಿನಾಲ್ಕರ ಆಸುಪಾಸು ಇರಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೊದಲು ಆ ವೈರ್ ಕಿತ್ತು, 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. ಹಾಡು ನಿಲ್ಲಿಸಬೇಕಾಗಿಲ್ಲ.

ಒಟ್ಟು ವೋಲ್ಟೇಜ್ 27.5ರಿಂದ 28.5ರ ನಡುವೆ ಬರದಿದ್ದರೆ ಆಲ್ಟರ್ನೇಟರ್ ಅಥವಾ ಬೆಲ್ಟಿನ ಕಡೆ ನೋಡಿ.

ರಾತ್ರಿ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಏನನ್ನೂ ಆನ್ ಮಾಡುವ ಮೊದಲು ಇನ್ನೊಮ್ಮೆ ಅಳೆಯಿರಿ. ಒಂದೊಂದು ಬ್ಯಾಟರಿ 12.6 ಇದ್ದರೆ ತುಂಬಿದೆ, 12.2 ಎಂದರೆ ಅರ್ಧ ಮಾತ್ರ, 12ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ. ಆದರೆ ನಿಂತಾಗಿನ ವೋಲ್ಟೇಜ್ ನೋಡಿ ‘ಬ್ಯಾಟರಿ ಸರಿ ಇದೆ’ ಎಂದು ತೀರ್ಪು ಕೊಡುವುದು ತಪ್ಪು. ಒಳಗೆ ಪ್ಲೇಟು ಸತ್ತ ಬ್ಯಾಟರಿಯೂ ನಿಂತಲ್ಲಿ 12.6 ತೋರಿಸಬಲ್ಲದು. ಸೆಲ್ಫ್ ಹೊಡೆಯುವಾಗ ಅಳೆದರೆ ಬಣ್ಣ ಬಯಲಾಗುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿಡಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಹತ್ತದಂತೆ ಸ್ಟಾಪ್ ಕೇಬಲ್ ಎಳೆದು ಹಿಡಿಯಲು ಒಬ್ಬರಿರಲಿ. ಹತ್ತು ಸೆಕೆಂಡ್ ಸೆಲ್ಫ್, ಎರಡು ನಿಮಿಷ ಬಿಡುವು, ಇಲ್ಲದಿದ್ದರೆ ಮೋಟರ್ ಸುಡುತ್ತದೆ. ಸೆಲ್ಫ್ ಹೊಡೆಯುವಾಗ ಒಂದು ಬ್ಯಾಟರಿ 9.6ಕ್ಕಿಂತ ಕೆಳಗೆ ಹೋಗಿ ಇನ್ನೊಂದು 11ರಲ್ಲೇ ನಿಂತರೆ ಸೋತವನು ಯಾರೆಂದು ಗೊತ್ತಾಯಿತು.

ಎರಡೂ ಬ್ಯಾಟರಿ ಗಟ್ಟಿಯಾಗಿ ನಿಂತಿವೆ, ಆದರೂ ಎಂಜಿನ್ ಭಾರ ಎಂದರೆ ಕೇಬಲ್ಲಿನ ಸರದಿ. ನಮ್ಮವರು ಅತಿ ಹೆಚ್ಚು ಮರೆಯುವ ಜಾಗ ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೆಲ್ಫ್ ಹೊಡೆಯುವಾಗ ನಾನೂರು ಆಂಪಿಯರ್ ಹರಿಯುತ್ತಿದೆ ಎಂದುಕೊಳ್ಳಿ. ದಾರಿಯಲ್ಲಿ ಎಲ್ಲೋ ಒಂದು ಜಾಯಿಂಟ್ ತುಕ್ಕು ಹಿಡಿದು, ಒಂದು ಓಮಿನ ಇನ್ನೂರನೇ ಒಂದು ಭಾಗದಷ್ಟು ತಡೆ ಒಡ್ಡಿದರೂ ಅಲ್ಲೇ ಎರಡು ವೋಲ್ಟ್ ಮಾಯ. ಅದೇ ಜಾಯಿಂಟಿಗೆ ಟೆಸ್ಟ್ ಬಲ್ಬ್ ಹಿಡಿದರೆ ಝಗ್ಗನೆ ಉರಿಯುತ್ತದೆ, ಏಕೆಂದರೆ ಆ ಬಲ್ಬಿಗೆ ಒಂದು ಆಂಪಿಯರ್ ಕೂಡ ಬೇಡ. ‘ಕರೆಂಟ್ ಬರ್ತಾ ಇದೆ ಅಣ್ಣಾ, ಕೇಬಲ್ ಓಕೆ, ಮೋಟರೇ ಹೋಗಿರೋದು’ ಎಂಬ ಮಾತು ಹುಟ್ಟುವುದು ಇಲ್ಲಿಯೇ.

ಮೀಟರನ್ನು ವೋಲ್ಟಿನಲ್ಲಿಟ್ಟು, ಕೆಂಪು ಕಡ್ಡಿಯನ್ನು ಸೆಲ್ಫ್ ಮೋಟರಿಗೆ ಕೇಬಲ್ ಹೊರಡುವ ಬ್ಯಾಟರಿ ಪ್ಲಸ್‌ನ ಸೀಸದ ಗೂಟಕ್ಕೇ ಒತ್ತಿ, ಅದರ ಮೇಲಿನ ಕ್ಲಾಂಪಿಗಲ್ಲ. ಕಪ್ಪು ಕಡ್ಡಿ ಸೆಲ್ಫ್ ಮೋಟರಿಗೆ ದಪ್ಪ ಕೇಬಲ್ ಬಂದು ಕೂರುವ ಬೋಲ್ಟಿಗೆ. ಈಗ ಸೆಲ್ಫ್ ಹೊಡೆಸಿ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅರ್ಧ ವೋಲ್ಟಿನೊಳಗಿದ್ದರೆ ಒಳ್ಳೆಯದು, ಒಂದು ದಾಟಿದರೆ ಖಂಡಿತ ದೋಷ. ಎರಡು ಬ್ಯಾಟರಿಯ ನಡುವಿನ ತುಂಡು ಕೇಬಲ್ಲನ್ನೂ ಹೀಗೆಯೇ ನೋಡಿ. ಆಮೇಲೆ ಮೈನಸ್ ಕಡೆ: ಒಂದು ಕಡ್ಡಿ ಚಾಸಿಗೆ ಅರ್ತ್ ಆಗಿರುವ ಬ್ಯಾಟರಿಯ ಮೈನಸ್ ಗೂಟಕ್ಕೆ, ಇನ್ನೊಂದು ಸೆಲ್ಫ್ ಮೋಟರಿನ ಮೈಗೆ.

ಈ ಕೊನೆಯದರಲ್ಲಿ ಸಿಕ್ಕಿಬೀಳುವವರೇ ಹೆಚ್ಚು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ. ಚಾಸಿಯಿಂದ ಎಂಜಿನ್ನಿಗೋ ಗೇರ್ ಬಾಕ್ಸಿಗೋ ಹೋಗುವ ಹೆಣೆದ ತಾಮ್ರದ ಪಟ್ಟಿಯೇ ಅದರ ಅರ್ತ್. ಕ್ಲಚ್ ಪ್ಲೇಟ್ ಹಾಕುವಾಗ ಅದನ್ನು ಬಿಚ್ಚುತ್ತಾರೆ. ಮತ್ತೆ ಕೂರಿಸುವಾಗ ಪೇಂಟಿನ ಮೇಲೋ ಗ್ರೀಸಿನ ಮೇಲೋ ಬೋಲ್ಟ್ ಬಿಗಿಯುತ್ತಾರೆ, ಕೆಲವು ಸಲ ಪಟ್ಟಿ ನೇತಾಡುತ್ತಲೇ ಉಳಿಯುತ್ತದೆ. ಆಗ ನಾನೂರು ಆಂಪಿಯರ್ ಬೇರೆ ದಾರಿ ಹುಡುಕುತ್ತದೆ: ಆಕ್ಸಿಲರೇಟರ್ ಕೇಬಲ್, ಗೇರಿನ ರಾಡು. ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿದ್ದರೆ, ಅದರ ಪ್ಲಾಸ್ಟಿಕ್ ಕವಚ ಕರಗಿದ ಗುರುತಿದ್ದರೆ ಬೇರೆ ಪರೀಕ್ಷೆಯೇ ಬೇಡ. ಪಟ್ಟಿಯ ಎರಡೂ ತುದಿ ಬಿಚ್ಚಿ, ಕೆಳಗಿನ ಲೋಹ ಹೊಳೆಯುವವರೆಗೆ ಎಮರಿ ಪೇಪರಿನಿಂದ ಉಜ್ಜಿ, ಬಿಗಿಯಾಗಿ ಕೂರಿಸಿ. ಗ್ರೀಸು, ವ್ಯಾಸಲೀನು ಹಚ್ಚುವುದು ಬಿಗಿದ ಮೇಲೆ, ಹೊರಗಿನಿಂದ.

ಇದೆಲ್ಲ ಸರಿ ಇದ್ದು, ಮೋಟರಿನ ಬೋಲ್ಟಿನವರೆಗೆ 21-22 ವೋಲ್ಟ್ ತಲುಪುತ್ತಿದ್ದೂ ನಿಧಾನವೇ? ಆಗ ಮೋಟರ್ ಬಿಚ್ಚಿಸಿ. ಕಾರ್ಬನ್ ಬ್ರಷ್ ಸವೆದಿರಬಹುದು, ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡ್ ಒಳಗಿನ ತಾಮ್ರದ ಮೊಳೆ ಸುಟ್ಟಿರಬಹುದು. ಬ್ಯಾಟರಿ ಗಟ್ಟಿಯಾಗಿದ್ದೂ ಸೆಲ್ಫ್ ಹೊಡೆದಾಗ ವೋಲ್ಟೇಜ್ ಪಾತಾಳಕ್ಕೆ ಇಳಿಯುತ್ತಿದ್ದರೆ ಮೋಟರ್ ವಿಪರೀತ ಕರೆಂಟ್ ಕುಡಿಯುತ್ತಿದೆ ಎಂದರ್ಥ. ಹೆಚ್ಚಾಗಿ ಅಚ್ಚನ್ನು ಹಿಡಿದಿರುವ ಬುಷ್ ಸವೆದು, ಒಳಗೆ ತಿರುಗುವ ಆರ್ಮೇಚರ್ ಪಕ್ಕಕ್ಕೆ ಉಜ್ಜುತ್ತಿರುತ್ತದೆ. ಎಂಜಿನ್ ಕಾದಾಗ ತೊಂದರೆ ಹೆಚ್ಚಾದರೆ ಈ ಅನುಮಾನ ಬಲವಾಗುತ್ತದೆ. ಬುಷ್, ಕಾರ್ಬನ್ ಸೆಟ್ ಹಾಕಿಸಿದರೆ ಸಾಕಾಗುವಲ್ಲಿ ಇಡೀ ಮೋಟರ್ ಕೊಳ್ಳುವ ಅಗತ್ಯವಿಲ್ಲ.

ಎಂಜಿನ್ನೇ ಬಿಗಿ ಎಂಬುದು ಕೊನೆಯ ಅನುಮಾನ. ಹೊಸದಾಗಿ ಬೋರ್ ಮಾಡಿಸಿದ್ದರೆ (ಸಿಲಿಂಡರಿನ ಒಳಮೈ ಕೊರೆಸಿದ್ದರೆ) ಸ್ವಲ್ಪ ದಿನ ಭಾರ ಇರುವುದು ಸಹಜ. 15ಡಬ್ಲ್ಯೂ-40 ದರ್ಜೆಯ ಎಂಜಿನ್ ಆಯಿಲ್ ಹೇಳಿರುವಲ್ಲಿ ಅದಕ್ಕಿಂತ ದಪ್ಪದ್ದು ಹಾಕಿಸಿದ್ದರೆ ಬೀದರ್, ವಿಜಯಪುರದ ಜನವರಿ ಬೆಳಗಿನಲ್ಲಿ ಅದು ಗೊತ್ತಾಗುತ್ತದೆ. ಆದರೆ ಎಂಜಿನ್ ಅರ್ಧ ಸುತ್ತು ತಿರುಗಿ ಠಪ್ಪೆಂದು ನಿಂತರೆ, ಅದರ ಜೊತೆ ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ, ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಇಳಿದಿರಬಹುದು. ನೀರನ್ನು ಒತ್ತಲಾಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇನ್ನು ಇಳಿಜಾರಿನ ವಿಷಯ. ನಿಮ್ಮ ಹಳೇ ಪಂಪಿನ ಎಂಜಿನ್ ಹಾಗೆ ಸ್ಟಾರ್ಟ್ ಆಗುತ್ತದೆ, ಅದರಲ್ಲಿ ಅನುಮಾನವಿಲ್ಲ. ನನ್ನ ಭಯ ಬ್ರೇಕಿನದು. ಲಾರಿಗೆ ಗಾಳಿ ಬ್ರೇಕ್ ಇದ್ದರೆ ರಾತ್ರಿ ನಿಂತ ಗಾಡಿಯ ಟ್ಯಾಂಕಿನಲ್ಲಿ ಗಾಳಿ ಇಳಿದಿರುತ್ತದೆ, ಕಂಪ್ರೆಸರ್ ತಿರುಗಲು ಎಂಜಿನ್ ಓಡಬೇಕು. ಪವರ್ ಸ್ಟೀರಿಂಗ್ ಇದ್ದರೆ ಅದೂ ಎಂಜಿನ್ ಇಲ್ಲದೆ ಕಲ್ಲಿನಂತೆ ಬಿಗಿ. ಗಾಡಿ ಹೊರಟ ಮೇಲೆ ಎಂಜಿನ್ ಹತ್ತದಿದ್ದರೆ ಲೋಡಿನ ಲಾರಿಯನ್ನು ನಿಲ್ಲಿಸಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದರ ಬದಲು ಪಕ್ಕದ ಲಾರಿಯಿಂದ ಜಂಪ್ ತೆಗೆದುಕೊಳ್ಳಿ, ಅಂದರೆ ಅದರ ಬ್ಯಾಟರಿಯಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡಿಕೊಳ್ಳಿ. ಅದೂ 24 ವೋಲ್ಟಿನದ್ದೇ ಆಗಿರಲಿ, ಕೇಬಲ್ ದಪ್ಪವಿರಲಿ. ಕಪ್ಪು ಕೇಬಲ್ಲಿನ ಕೊನೆಯ ತುದಿಯನ್ನು ನಿಮ್ಮ ಬ್ಯಾಟರಿಯ ಗೂಟಕ್ಕೆ ಹಾಕದೆ ಎಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಿ, ಚಾರ್ಜ್ ಆಗುವ ಬ್ಯಾಟರಿ ಬಿಡುವ ಹೈಡ್ರೋಜನ್ನಿಗೆ ಒಂದು ಕಿಡಿ ಸಾಕು. ಹಾಗೆ ಕಚ್ಚಿಸಿದ ಕೂಡಲೇ ಎಂಜಿನ್ ಹುರುಪಿನಿಂದ ತಿರುಗಿದರೆ ನಿಮ್ಮ ಬ್ಯಾಟರಿ ಅಥವಾ ಅರ್ತ್ ಪಟ್ಟಿಯದೇ ತಪ್ಪು, ಮೋಟರಿನ ದುಡ್ಡು ಜೇಬಿನಲ್ಲೇ ಇರಲಿ.